ತೋಟದ ಕೆರೆ ಏರಿ, ಕೆಳಗೆ ಹೋಂಸ್ಟೇ: ಈ "ಹೈ ಹಜಾರ್ಡ್" ಅಂದ್ರೆ ಎಂತ?

ಬ್ಲಾಸಮ್_ಶವರ್:
ಎಲ್ರಿಗೂ ನಮಸ್ಕಾರ. ಸುಂಟಿಕೊಪ್ಪ ಕಡೆಯವಳು ನಾನು, ಅಪ್ಪ ಹೋದ ಮೇಲೆ ಬೆಂಗಳೂರು ಬಿಟ್ಟು ಬಂದು ತೋಟ ನೋಡ್ಕೊಳ್ತಾ ಇದ್ದೀನಿ, ಎರಡು ವರ್ಷ ಆಯ್ತು, ಇನ್ನೂ ಕಲೀತಾನೇ ಇದ್ದೀನಿ, ಹಾಗಾಗಿ ದಡ್ಡ ಪ್ರಶ್ನೆ ಆದ್ರೆ ಬೈಬೇಡಿ. ನಮ್ಮದೊಂದು ಕೆರೆ ಉಂಟು. ಎರಡು ಗುಡ್ಡದ ಮಧ್ಯ ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡ ತಾತ ಕಟ್ಟಿಸಿದ ಮಣ್ಣಿನ ಏರಿ, ತುಂಬಿದ್ರೆ ಒಂದು ಎಕರೆ ಅಗಲ ನೀರು ನಿಲ್ಲುತ್ತೆ. ಕೆಲವು ವರ್ಷದ ಹಿಂದೆ ರೋಬಸ್ಟಾ ಕಾಫಿಗೆ ಹೂಮಳೆ (ಹೂ ಬಿಡಿಸೋಕೆ ಸ್ಪ್ರಿಂಕ್ಲರಲ್ಲಿ ಹಾಯಿಸೋ ನೀರು) ಕೊಡೋಕೆ ನೀರು ಸಾಲ್ದೆ ಅಪ್ಪ ಹಿಟಾಚಿ ತರಿಸಿ ಏರಿನ ಐದಡಿ ಎತ್ತರ ಮಾಡಿಸಿದ್ರು. ಈಗ ತೋಡಿನ ತಳದಿಂದ ಅಳೆದ್ರೆ 22 ಅಡಿ ಇದೆ. ಜಾಸ್ತಿ ನೀರು ಹೋಗೋಕೆ ಒಂದು 12 ಇಂಚಿನ ಹ್ಯೂಮ್ ಪೈಪ್ ಇಟ್ಟಿದ್ದಾರೆ.

ವಿಷಯ ಏನಂದ್ರೆ ನಮ್ಮ ಕೆಳಗಿನ ಜಾಗದವರು ಹೋದ ವರ್ಷ ಹೋಂಸ್ಟೇ ಮಾಡಿದ್ದಾರೆ, ತೋಡಿನ ಪಕ್ಕದಲ್ಲೇ ಮೂರು ಕಾಟೇಜ್. ಮೊನ್ನೆ ಬಂದು "ನಿಮ್ಮದು ಹೈ ಹಜಾರ್ಡ್ ಡ್ಯಾಮ್, ಸೇಫ್ಟಿ ಸರ್ಟಿಫಿಕೇಟ್ ತೋರಿಸಿ" ಅಂತ ಹೇಳಿ ಹೋದ್ರು. ನನಗೆ ಸಿಟ್ಟು ಬಂತು. ಆ ಏರಿ 2018ರ ಮಳೆಗೇ ಜಗ್ಗಿಲ್ಲ ಮಾರಾಯ್ರೇ. ಒಂದು ಎಕರೆ ಕೆರೆಗೆ ಡ್ಯಾಮ್ ಅಂತಾರಾ? ಯಾರು ಕೊಡ್ತಾರೆ ಈ ಸರ್ಟಿಫಿಕೇಟು? ಮಳೆಗಾಲಕ್ಕೆ ಇನ್ನು ಮೂರು ವಾರ ಉಂಟು, ಗೊತ್ತಿದ್ದವರು ಹೇಳಿ.

ಕಾಫಿ_ಕಣ:
ಅಕ್ಕ ತಲೆ ಕೆಡಿಸ್ಕೋಬೇಡಿ. ಕೊಡಗಲ್ಲಿ ಕೆರೆ ಇಲ್ಲದ ತೋಟ ಯಾವುದುಂಟು ಹೇಳಿ. ನಿಮ್ಮ ಜಾಗ, ನಿಮ್ಮ ನೀರು, ನಿಮ್ಮ ಏರಿ. ಅವರು ನಿನ್ನೆ ಬಂದವರು. ನಮ್ಮ ಕೆರೆಗೆ ಸಿದ್ದಾಪುರದಲ್ಲಿ ವಾರಕ್ಕೆರಡು ಸಲ ಆನೆ ಇಳಿಯುತ್ತೆ, ಮರಿ ಸಮೇತ, ಏರಿ ಅಂಚೆಲ್ಲ ಜಾರುಬಂಡಿ ಆಗಿದೆ, ಅದಕ್ಕೆ ಸರ್ಟಿಫಿಕೇಟ್ ಕೊಡೋರು ಯಾರು, ಡಿಎಫ್‌ಓ ನಾ? 😄

ಹಳೇ_ಓವರ್‌ಸಿಯರ್:
ನಾನು ಸಣ್ಣ ನೀರಾವರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವನು, ಜೀವನ ಪೂರ್ತಿ ಏರಿ ಮೇಲೆ ನಡೆದಿದ್ದೇ ಕೆಲಸ. ತಂಗೀ, ನಿಮ್ಮ ಸಿಟ್ಟು ಅರ್ಥ ಆಗುತ್ತೆ, ಆದ್ರೆ ಆ ಹೋಂಸ್ಟೇಯವರು ಹೇಳಿದ್ದನ್ನ ನೀವು ಬೇರೆ ಥರ ಕೇಳಿಸ್ಕೊಂಡಿದ್ದೀರಿ, ಎಲ್ಲರೂ ಹಾಗೇ ಕೇಳಿಸ್ಕೊಳ್ಳೋದು. ಹೈ ಹಜಾರ್ಡ್ ಅಂದ್ರೆ "ನಿನ್ನ ಏರಿ ಸರಿಯಿಲ್ಲ, ಒಡೆಯುತ್ತೆ" ಅಂತ ಅಲ್ಲ. ಏರಿಯ ಆರೋಗ್ಯಕ್ಕೂ ಆ ಕ್ಲಾಸಿಗೂ ಸಂಬಂಧವೇ ಇಲ್ಲ. ಅಕಸ್ಮಾತ್ ಒಡೆದ್ರೆ ಕೆಳಗೆ ಯಾರಿದ್ದಾರೆ, ಏನಿದೆ, ಅಷ್ಟೇ ಲೆಕ್ಕ. ಕಾಂಕ್ರೀಟಲ್ಲಿ ಹೊಸದಾಗಿ ಕಟ್ಟಿದ ಗಟ್ಟಿ ಕಟ್ಟೆಯ ಕೆಳಗೆ ಶಾಲೆ ಇದ್ರೆ ಅದು ಹೈ. ಕಾಡು ಮಧ್ಯ ಹೆಗ್ಗಣ ಕೊರೆದು ತೂತಾದ ಏರಿ, ಕೆಳಗೆ ಬರೀ ಪಾಳು ಗದ್ದೆ ಇದ್ರೆ ಅದು ಲೋ. ಸಿಟ್ಟು ಮಾಡ್ಕೊಳ್ಳೋ ಬೈಗುಳ ಅಲ್ಲ ಅದು, ವಿಳಾಸ ಇದ್ದ ಹಾಗೆ.

ಈ ಮೂರು ಕ್ಲಾಸು ಅಮೆರಿಕದವರು ಬಳಸೋದು, ಆದ್ರೆ ಯೋಚನೆ ಎಲ್ಲಾ ಕಡೆ ಒಂದೇ. ಒಡೆದ್ರೆ ಜೀವ ಹೋಗೋ ಸಂಭವ ಇದ್ರೆ ಹೈ. ಜೀವ ಹೋಗಲ್ಲ ಆದ್ರೆ ರಸ್ತೆ, ಕರೆಂಟು, ಬೇರೆಯವರ ಆಸ್ತಿ ಹಾಳಾಗುತ್ತೆ ಅಂದ್ರೆ ಮಧ್ಯದ್ದು. ಜೀವಹಾನಿ ಇಲ್ಲ, ನಷ್ಟ ಹೆಚ್ಚುಕಮ್ಮಿ ಮಾಲೀಕನ ಜಾಗದೊಳಗೇ ಮುಗಿಯುತ್ತೆ ಅಂದ್ರೆ ಲೋ. ಅವರ ದೇಶದ ಪಟ್ಟಿಯಲ್ಲಿ 90 ಸಾವಿರಕ್ಕೂ ಹೆಚ್ಚು ಡ್ಯಾಮ್ ಉಂಟು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಸಗಿಯವರದ್ದೇ, ರೈತರದ್ದು, ಕ್ಲಬ್ಬಿನವರದ್ದು, ಲೇಔಟ್‌ನವರದ್ದು.

ಬ್ಲಾಸಮ್_ಶವರ್:
ಓ ಹಾಗಾ ಸರ್. ಇದು ಗೊತ್ತಿರ್ಲಿಲ್ಲ, ನಾನು ಏರಿಗೇ ಬೈದ್ರು ಅಂದ್ಕೊಂಡೆ. ಆದ್ರೆ ನಮ್ಮ ದೇಶದ ಕಾನೂನು ಏನು ಹೇಳುತ್ತೆ? 22 ಅಡಿ ಏರಿ ಲೆಕ್ಕಕ್ಕೆ ಬರುತ್ತಾ?

ಹಳೇ_ಓವರ್‌ಸಿಯರ್:
ಬರಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಬರೋದು 15 ಮೀಟರ್‌ಗಿಂತ ಎತ್ತರದ್ದಕ್ಕೆ. 10ರಿಂದ 15 ಮೀಟರ್ ಮಧ್ಯ ಇದ್ರೆ ಇನ್ನೊಂದಷ್ಟು ಷರತ್ತು: ಏರಿ ಉದ್ದ 500 ಮೀಟರ್ ಆದ್ರೂ ಇರ್ಬೇಕು, ಇಲ್ಲಾ 10 ಲಕ್ಷ ಘನ ಮೀಟರ್ ನೀರು ಹಿಡೀಬೇಕು, ಇಲ್ಲಾ ಪ್ರವಾಹ ಸೆಕೆಂಡಿಗೆ 2000 ಘನ ಮೀಟರ್ ಇರ್ಬೇಕು, ಇಲ್ಲಾ ತಳಪಾಯ ಕಷ್ಟದ್ದು, ವಿನ್ಯಾಸ ವಿಚಿತ್ರದ್ದು ಆಗಿರ್ಬೇಕು. ಹಾರಂಗಿ ಬರುತ್ತೆ. ನಿಮ್ಮದು ಏಳು ಮೀಟರೂ ಇಲ್ಲ. ಕೆಳಗೆ ಏನುಂಟು ಅಂತ ನೋಡಿ ಕ್ಲಾಸ್ ಮಾಡೋ ಕೆಲಸ ಆ ಕಾಯ್ದೆ ಪ್ರಕಾರ ರಾಜ್ಯದ ಡ್ಯಾಮ್ ಸೇಫ್ಟಿಯವರದ್ದು, ಆದ್ರೆ ಅವರು ನೋಡೋದು ಆ ದೊಡ್ಡದನ್ನ ಮಾತ್ರ.

ಕಾಫಿ_ಕಣ:
ನೋಡಿ ಅಕ್ಕ, ನಾನು ಹೇಳಿದ್ದೇ ಸರಿ. ಥ್ರೆಡ್ ಕ್ಲೋಸ್.

ಹಳೇ_ಓವರ್‌ಸಿಯರ್:
ಕ್ಲೋಸ್ ಅಲ್ಲ ತಮ್ಮಾ, ಅಲ್ಲೇ ಓಪನ್ ಆಗೋದು. ನೀರಿಗೆ ಕಾಯ್ದೆ ಓದೋಕೆ ಬರಲ್ಲ. ಒಂದು ಎಕರೆ ಕೆರೆ, ಸರಾಸರಿ ಎಂಟಡಿ ಆಳ ಅಂತ ಇಟ್ಕೊಳ್ಳಿ, ಹತ್ತಿರ ಹತ್ತಿರ ಒಂದು ಕೋಟಿ ಲೀಟರ್ ಆಯ್ತು. ತೂಕದಲ್ಲಿ ಹತ್ತು ಸಾವಿರ ಟನ್. 12 ಸಾವಿರ ಲೀಟರಿನ ಟ್ಯಾಂಕರ್ ಇರುತ್ತಲ್ಲ, ಅಂಥದ್ದು 800 ಟ್ಯಾಂಕರ್ ಗುಡ್ಡದ ಮೇಲೆ ಸಾಲಾಗಿ ನಿಲ್ಲಿಸಿ ಎಲ್ಲದರ ವಾಲ್ವೂ ಒಟ್ಟಿಗೆ ತೆಗೆದ ಹಾಗೆ. ಮಣ್ಣಿನ ಏರಿ ಒಮ್ಮೆ ಬಾಯಿ ಬಿಟ್ರೆ ಪೂರ್ತಿ ಖಾಲಿ ಆಗೋಕೆ ತುಂಬಾ ಹೊತ್ತು ಬೇಡ. ಬಯಲುಸೀಮೆಯಲ್ಲಾದ್ರೆ ನೀರು ಹರಡಿ ಮೊಣಕಾಲುದ್ದ ಆಗಿ ನಿಲ್ಲುತ್ತೆ, ನಮ್ಮ ಕಡೆ ತೋಡು ಕಿರಿದು, ಇಳಿಜಾರು ಜಾಸ್ತಿ, ಹರಡೋಕೆ ಜಾಗ ಎಲ್ಲುಂಟು? ಮಣ್ಣು, ಮರ, ಬಂಡೆ ಎಲ್ಲ ಸೇರಿಸ್ಕೊಂಡು ಬರುತ್ತೆ.

ಮಳೆ_ಇಂಚು:
ಓವರ್‌ಸಿಯರ್ ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ವೇಲ್ಸ್‌ನಲ್ಲಿ 10 ಸಾವಿರ ಘನ ಮೀಟರ್ ದಾಟಿದ್ರೆ ಖಾಸಗಿ ಕೆರೆ ಆದ್ರೂ ಕಾನೂನಿನ ಒಳಗೆ ಬರುತ್ತೆ, ರಿಜಿಸ್ಟರ್ ಮಾಡಿಸ್ಬೇಕು. ಇಂಗ್ಲೆಂಡಲ್ಲಿ 25 ಸಾವಿರ. ಅಂದ್ರೆ ಒಂದು ಕೋಟಿ ಲೀಟರ್, ಅಕ್ಕನ ಕೆರೆ ವೇಲ್ಸಲ್ಲಿ ಇದ್ದಿದ್ರೆ ಹೊಸ್ತಿಲ ಮೇಲೆ ಕೂತಿರ್ತಿತ್ತು. ನಮ್ಮಲ್ಲಿ ಅದಕ್ಕೆ ನೂರು ಪಟ್ಟು ಇದ್ರೂ ಎತ್ತರ ಹತ್ತು ಮೀಟರ್ ಇಲ್ಲ ಅಂದ್ರೆ ಕೇಳೋರಿಲ್ಲ.

ಇನ್ನೊಂದು, 2018 ನಮ್ಮ ಏರಿಯ ಪರೀಕ್ಷೆ ಅಂತ ಎಲ್ರೂ ಹೇಳ್ತಾರೆ. ಆ ವರ್ಷ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಗುಡ್ಡಕ್ಕೆ ಗುಡ್ಡವೇ ಇಳಿದು ಬಂತು, ನಿಮ್ಮ ಕಡೆ ಏನೂ ಆಗ್ಲಿಲ್ಲ ಅಂದ್ರೆ ಅದು ನಿಮ್ಮ ತೋಡಿನ ಮೇಲೆ ಮೋಡ ನಿಲ್ಲಲಿಲ್ಲ ಅಂತ ಅಷ್ಟೇ ಇರಬಹುದು. ಪರೀಕ್ಷೆ ಬರೆಯದೇ ಪಾಸ್ ಆದಂಗೆ. ಅಂದಹಾಗೆ ಏರಿ ಎತ್ತರಿಸಿದ್ದು 2018ಕ್ಕೆ ಮೊದಲಾ ಆಮೇಲಾ?

ಬ್ಲಾಸಮ್_ಶವರ್:
ಅಮ್ಮನ್ನ ಕೇಳಿದೆ. ಆಮೇಲೆ. 2020ರ ಬೇಸಿಗೆಯಲ್ಲಿ. ಅಂದ್ರೆ 2018 ನೋಡಿದ್ದು ತಾತನ ಏರಿ, ಅಪ್ಪನ ಏರಿ ಅಲ್ಲ. 😐

ಕೋಟು_ಕಚೇರಿ:
ಮಡಿಕೇರಿಯಲ್ಲಿ ಪ್ರಾಕ್ಟೀಸ್ ಮಾಡ್ತೀನಿ, ಇದು ಸಲಹೆ ಅಲ್ಲ, ಹರಟೆ ಅಂತ ಓದಿ. ಡ್ಯಾಮ್ ಕಾಯ್ದೆಗೆ ಬರಲ್ಲ ಅಂದ ಮಾತ್ರಕ್ಕೆ ಮಾಲೀಕರಿಗೆ ಜವಾಬ್ದಾರಿ ಇಲ್ಲ ಅಂತ ಅಲ್ಲ. ಲಾ ಕಾಲೇಜಲ್ಲಿ ಎಲ್ರೂ ಓದೋ ಕೇಸು ರೈಲ್ಯಾಂಡ್ಸ್ ವರ್ಸಸ್ ಫ್ಲೆಚರ್, 1868ರದ್ದು, ಇಂಗ್ಲೆಂಡಲ್ಲಿ ಒಬ್ಬ ತನ್ನ ಜಾಗದಲ್ಲಿ ಮಾಡಿಸಿದ ಕೆರೆ ನೀರು ಪಕ್ಕದವನ ಗಣಿಗೆ ನುಗ್ಗಿದ್ದು, ಅವನ ತಪ್ಪು ಇರಲಿ ಬಿಡಲಿ ನಷ್ಟ ಕಟ್ಟಿಕೊಡು ಅಂದ್ರು. ಇದಕ್ಕಿಂತ ಸ್ವಾರಸ್ಯದ್ದು ನಮ್ಮ ಕಡೆಯದೇ ಒಂದುಂಟು. 1874ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ, ಅಂದ್ರೆ ಬ್ರಿಟಿಷರ ಕಾಲದ ಕೊನೇ ಕೋರ್ಟಿಗೆ ಹೋದ ಕೇಸು, ಮದ್ರಾಸ್ ರೈಲ್ವೆ ಕಂಪನಿ ವರ್ಸಸ್ ಕಾರ್ವೇಟಿನಗರದ ಜಮೀನ್ದಾರ. ಜಮೀನ್ದಾರನ ಕೆರೆ ಒಡೆದು ರೈಲ್ವೆಗೆ ನಷ್ಟ ಆಗಿತ್ತು. ಆದ್ರೆ ಕೋರ್ಟ್ ಹೇಳಿದ್ದು, ಇಲ್ಲಿ ಕೆರೆ ಇಟ್ಕೊಳ್ಳೋದು ಶೋಕಿ ಅಲ್ಲ, ಅನಾದಿ ಕಾಲದಿಂದ ಊರಿನ ಹಿತಕ್ಕೆ ಮಾಡಲೇಬೇಕಾದ ಕರ್ತವ್ಯ, ಹಾಗಾಗಿ ನಿರ್ಲಕ್ಷ್ಯ ಸಾಬೀತು ಆಗದೆ ಜಮೀನ್ದಾರ ಹೊಣೆ ಅಲ್ಲ ಅಂತ. ಎಷ್ಟು ಚೆಂದ ಅಲ್ವಾ.

ಆದ್ರೆ ಅಕ್ಕ, ಸ್ಪ್ರಿಂಕ್ಲರ್‌ಗೆ ಅಂತ ಹಿಟಾಚಿಯಲ್ಲಿ ಐದಡಿ ಎತ್ತರಿಸಿದ್ದನ್ನ ಅನಾದಿ ಕಾಲದ ಕರ್ತವ್ಯ ಅಂತ ಯಾವ ಜಡ್ಜೂ ಒಪ್ಪಲ್ಲ. ಅದೂ ಅಲ್ದೆ ಪಕ್ಕದವರು ಬಾಯಲ್ಲಿ ಬಂದು ಎಚ್ಚರಿಕೆ ಹೇಳಿ ಆಗಿದೆ, ಇನ್ನು "ಗೊತ್ತಿರ್ಲಿಲ್ಲ" ಅನ್ನೋ ಮಾತು ನಿಲ್ಲಲ್ಲ. ತೋಡು ಸರ್ವೆ ನಕ್ಷೆಯಲ್ಲಿ ಉಂಟಾ ಅಂತಲೂ ನೋಡ್ಕೊಳ್ಳಿ, ಹಳ್ಳ ತೋಡು ಅಂದ್ರೆ ಭೂಕಂದಾಯ ಕಾಯ್ದೆ ಪ್ರಕಾರ ಸಾಮಾನ್ಯವಾಗಿ ಸರ್ಕಾರದ್ದು.

ಗುಡ್ಡದ_ಮನೆ_ಸ್ಟೇ:
ನಾನೂ ಹೋಂಸ್ಟೇ ನಡೆಸ್ತೀನಿ (ಈ ಅಕ್ಕನ ಪಕ್ಕದವರಲ್ಲ, ಕಕ್ಕಬ್ಬೆ ಕಡೆ). ಎಲ್ಲಾ ಥ್ರೆಡ್ಡಲ್ಲೂ ಹೋಂಸ್ಟೇಯವರೇ ಕಳ್ಳರು. ಆದ್ರೆ ಕೆಳಗೆ ಗೆಸ್ಟ್ ಮಲಗಿರ್ತಾರೆ, ಬೆಂಗಳೂರಿಂದ ಮಕ್ಕಳನ್ನ ಕರ್ಕೊಂಡು ಬಂದವರು, ತೋಡಿನ ಸದ್ದು ಎಷ್ಟು ಚೆನ್ನಾಗಿದೆ ಅಂತ ರೀಲ್ಸ್ ಹಾಕ್ತಾರೆ, ಅವರಿಗೆ ಮೇಲೆ ಏನಿದೆ ಅಂತ ಏನು ಗೊತ್ತು? ಕೇಳೋದು ತಪ್ಪಾ?

ಕಾಫಿ_ಕಣ:
ಕೇಳೋದು ತಪ್ಪಲ್ಲ ಸ್ವಾಮಿ, ಕಟ್ಟೋದು ತಪ್ಪು. ಕೆರೆ ಅರವತ್ತು ವರ್ಷದಿಂದ ಅಲ್ಲೇ ಉಂಟು. ಅದರ ಬಾಯಿ ಎದುರು ಬಂದು ಕಾಟೇಜ್ ಹಾಕಿ ಆಮೇಲೆ ಬಾಯಿ ಮುಚ್ಚು ಅಂದ್ರೆ ಎಂತ ನ್ಯಾಯ? ಕೆರೆ ಒಂದಿಂಚು ಅಲ್ಲಾಡಿಲ್ಲ, ಅವರು ಬಂದು ಕೂತಿದ್ದಕ್ಕೆ ರಾತ್ರೋರಾತ್ರಿ ಇದು ಲೋದಿಂದ ಹೈ ಆಗೋಯ್ತಾ?

ಹಳೇ_ಓವರ್‌ಸಿಯರ್:
ಆಯ್ತು. ಅದೇ ಆಗೋದು. ಇಂಜಿನಿಯರುಗಳು ಇದಕ್ಕೆ ಹಜಾರ್ಡ್ ಕ್ರೀಪ್ ಅಂತಾರೆ, ಏರಿ ಸುಮ್ನೆ ನಿಂತಿರುತ್ತೆ, ಕ್ಲಾಸ್ ತೆವಳ್ಕೊಂಡು ಮೇಲೆ ಹೋಗುತ್ತೆ. ನ್ಯಾಯ ಅನ್ಯಾಯ ನೀವು ಜಗಳ ಮಾಡ್ಕೊಳ್ಳಿ, ತೋಡಿನ ದಂಡೆಯಲ್ಲಿ ಕಟ್ಟೋಕೆ ಪರ್ಮಿಷನ್ ಕೊಟ್ಟವರನ್ನೂ ಸೇರಿಸ್ಕೊಂಡು ಮಾಡಿ. ನೀರು ಬರೋವಾಗ ಯಾರು ಮೊದಲು ಬಂದವರು ಅಂತ ಕೇಳ್ಕೊಂಡು ಬರಲ್ಲ.

ಲೈನ್‌ಮನೆ_ಹುಡುಗ:
ಎಲ್ಲಾ ಓದ್ದೆ. ಯಾರೂ ಕೇಳ್ದೇ ಇರೋದನ್ನ ನಾನು ಕೇಳ್ತೀನಿ ಮೇಡಂ. ನಿಮ್ಮ ಲೈನ್ ಎಲ್ಲುಂಟು?

ನಾನು ಹುಟ್ಟಿ ಬೆಳೆದಿದ್ದು ಲೈನ್‌ಮನೆಯಲ್ಲಿ, ಅಂದ್ರೆ ತೋಟದ ಕೆಲಸದವರ ಸಾಲು ಮನೆಯಲ್ಲಿ, ಅಮ್ಮ ಅಪ್ಪ ಇಬ್ರೂ ತೋಟದ ಕೆಲಸ. ಯಾವ ತೋಟ ಅಂತ ಬರೆಯಲ್ಲ. ನಮ್ಮ ಲೈನ್ ಇದ್ದಿದ್ದು ಕೆರೆ ಏರಿಯ ಕೆಳಗೆ, ಯಾಕಂದ್ರೆ ಅಲ್ಲಿ ಸಮತಟ್ಟು ಜಾಗ, ಬಾವಿಗೆ ಬೇಸಿಗೆಯಲ್ಲೂ ನೀರು, ಕಾಫಿ ಹಾಕೋಕೆ ಬರದ ತೇವದ ಜಾಗ ಬೇರೆ. ಮಾಲೀಕರ ಬಂಗಲೆ ಗುಡ್ಡದ ಮೇಲೆ. ಹೆಚ್ಚಿನ ತೋಟದಲ್ಲಿ ಹೀಗೇ ಇರೋದು, ಬೇಕಾದ್ರೆ ನೋಡಿ. 2018ರ ಆಗಸ್ಟಲ್ಲಿ ಒಂದು ರಾತ್ರಿ ತೋಟದ ಲೆಕ್ಕ ಬರೆಯೋ ರೈಟರ್ ಟಾರ್ಚ್ ಹಿಡ್ಕೊಂಡು ಬಂದು ಎಬ್ಬಿಸಿದ್ರು, ಕರೆಂಟ್ ಇಲ್ಲ, ಮೊಬೈಲ್ ಟವರ್ ಇಲ್ಲ, ಏರಿ ಮೇಲೆ ನೀರು ಹತ್ತೋಕೆ ಒಂದು ಗೇಣು ಬಾಕಿ ಉಂಟು ಅಂತ. ಹತ್ತೂ ಮನೆಯವರು ಗುಡ್ಡ ಹತ್ತಿ ಪಲ್ಪರ್ ಶೆಡ್ಡಲ್ಲಿ ಬೆಳಗಿನ ತನಕ ಕೂತಿದ್ವಿ, ನನ್ನ ತಂಗಿ ಶಾಲೆ ಬ್ಯಾಗ್ ಬಿಟ್ಟು ಬರಲ್ಲ ಅಂತ ಅಳ್ತಾ ಇದ್ಲು. ಗಂಡಸ್ರು ಪಕ್ಕದಲ್ಲಿ ಗುಡ್ಡದ ಮಣ್ಣು ಕಡಿದು ನೀರಿಗೆ ದಾರಿ ಮಾಡಿದ್ರು, ಒಡೀಲಿಲ್ಲ. ಆ ರೈಟರ್ ಆವತ್ತು ನಿದ್ದೆ ಮಾಡಿದ್ದಿದ್ರೆ ನಾನು ಇಲ್ಲಿ ಟೈಪ್ ಮಾಡ್ತಿರಲಿಲ್ಲ.

ಮೇಲೆ ಓವರ್‌ಸಿಯರ್ ಸರ್ ಬರೆದ್ರಲ್ಲ, ನಷ್ಟ ಮಾಲೀಕನ ಜಾಗದೊಳಗೇ ಮುಗಿದ್ರೆ ಲೋ ಅಂತ. ಅದನ್ನ ಓದಿದಾಗ ನಗು ಬಂತು. ನಾವು ಇದ್ದಿದ್ದು ಮಾಲೀಕರ ಜಾಗದೊಳಗೇ.

ಹಳೇ_ಓವರ್‌ಸಿಯರ್:
ಸರಿಯಾಗಿ ಹೇಳಿದೆ ಮಗಾ. ಆ ಸಾಲಿಗೆ ಮೊದಲು "ಜೀವಹಾನಿ ಇಲ್ಲ" ಅಂತ ಇದೆ, ಲೈನ್ ಇದ್ರೆ ಅದು ಲೋ ಆಗೋಕೆ ಸಾಧ್ಯವೇ ಇಲ್ಲ, ಒಂದೇ ಮನೆ ಇದ್ರೂ ಹೈ. ಆದ್ರೆ ಲೆಕ್ಕ ಹಾಕೋರು ಹೆಚ್ಚಾಗಿ ಬೇಲಿಯ ಆಚೆಗೇ ನೋಡ್ತಾರೆ, ನಾನೂ ಹಾಗೇ ನೋಡಿದವನೇ.

ಬ್ಲಾಸಮ್_ಶವರ್:
ಎರಡು ದಿನ ಈ ಕಡೆ ಬರಲಿಲ್ಲ, ಕ್ಷಮಿಸಿ. ಲೈನ್‌ಮನೆ ತಮ್ಮಾ, ನೀವು ಕೇಳಿದ್ದಕ್ಕೆ ಉತ್ತರ: ಏರಿಯಿಂದ ಸುಮಾರು 150 ಮೀಟರ್ ಕೆಳಗೆ, ತೋಡಿನ ಬಲಕ್ಕೆ. ಏಳು ಮನೆ. ನಾಲ್ಕರಲ್ಲಿ ಅಸ್ಸಾಂನವರು, ಎರಡರಲ್ಲಿ ಅಪ್ಪನ ಕಾಲದವರು, ಒಂದು ಖಾಲಿ. ಮಕ್ಕಳು ಐದು. ಮೊದಲನೇ ಪೋಸ್ಟ್ ಬರೆಯುವಾಗ ಹೋಂಸ್ಟೇಯ ಮೂರು ಕಾಟೇಜ್ ಎಣಿಸಿದೆ, ಈ ಏಳು ಮನೆ ಎಣಿಸಬೇಕು ಅಂತ ಹೊಳೀಲೇ ಇಲ್ಲ, ದಿನಾ ಬೆಳಿಗ್ಗೆ ಅದರ ಮುಂದೆಯೇ ಹೋಗ್ತೀನಿ.

ಕಾಫಿ_ಕಣ:
ನಮ್ಮದೂ ಕೆಳಗೇ ಉಂಟು. ಈಗ ನೆನಪಾಯ್ತು.

ಮೀನು_ಸಾರು:
ಟಾಪಿಕ್ ಸ್ವಲ್ಪ ಬೇರೆ, ನಮ್ಮ ಕೆರೆಯಲ್ಲಿ ಕಾಟ್ಲಾ ರೋಹು ಬಿಟ್ಟಿದ್ದೀವಿ, ಮಳೆಗಾಲದಲ್ಲಿ ಕೋಡಿಯಲ್ಲಿ ತಪ್ಪಿಸ್ಕೊಂಡು ಹೋಗ್ತವೆ ಅಂತ ಕೋಡಿಗೆ ಕಬ್ಬಿಣದ ಮೆಶ್ ಹಾಕಿದ್ದೀನಿ. ಇದರಿಂದ ಏನಾದ್ರೂ ತೊಂದರೆಯಾ?

ಮಳೆ_ಇಂಚು:
ಅಯ್ಯೋ ತೆಗೀರಿ ಅಣ್ಣ, ಇವತ್ತೇ ತೆಗೀರಿ. ಮೀನಿನ ಮೆಶ್ ಅಂದ ತಕ್ಷಣ ನೆನಪಾಗೋದು ಜಾನ್ಸ್‌ಟೌನ್. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸೌತ್ ಫೋರ್ಕ್ ಅಂತ ಮಣ್ಣಿನ ಡ್ಯಾಮ್, 72 ಅಡಿ, ದುಡ್ಡಿದ್ದವರ ಒಂದು ಮೀನು ಹಿಡಿಯೋ ಕ್ಲಬ್ಬಿನದ್ದು, ಪಕ್ಕಾ ಖಾಸಗಿ. ಮೀನು ಹೋಗದಂತೆ ಕೋಡಿಗೆ ಜಾಲರಿ ಹಾಕಿದ್ರು. ಗಾಡಿ ಓಡಾಡಲಿ ಅಂತ ಏರಿ ತಲೆ ಸ್ವಲ್ಪ ತಗ್ಗಿಸಿದ್ರು. ತಳದಲ್ಲಿದ್ದ ತೂಬಿನ ಪೈಪುಗಳನ್ನ ಅದಕ್ಕೂ ಮೊದಲೇ ಕಿತ್ತು ಗುಜರಿಗೆ ಹಾಕಿ ಆಗಿತ್ತು, ಅಂದ್ರೆ ನೀರು ಇಳಿಸೋಣ ಅಂದ್ರೂ ದಾರಿ ಇಲ್ಲ. 1889ರ ಮೇ 31, ಜೋರು ಮಳೆ, ಜಾಲರಿಗೆ ಕಸ ಕಡ್ಡಿ ಕಟ್ಟಿ ನೀರು ಏರಿ ಮೇಲೆ ಹತ್ತಿತು. ಡ್ಯಾಮ್ ಒಡೆದು ಕೆಳಗಿನ ಜಾನ್ಸ್‌ಟೌನ್ ಕಡೆ 2209 ಜನ ಸತ್ರು. ನಮ್ಮ ಕೋಡಿಗೆ ಬರೋದು ಸಿಲ್ವರ್ ಓಕ್ ಎಲೆ, ಕಾಫಿ ಚಿಗುರು ತೆಗೆದು ಎಸೆದ ಕೊಂಬೆ, ಈಗೀಗ ಗೆಸ್ಟುಗಳ ಚಿಪ್ಸ್ ಕವರ್. ಒಂದೇ ರಾತ್ರಿ ಸಾಕು ಕಟ್ಟೋಕೆ.

ಹವಾಯಿಯ ಕಾಲೊಕೊ ಕೆರೆ 2006ರಲ್ಲಿ ಒಡೆದು ಏಳು ಜನ ಹೋದ್ರು, ಅದೂ ಖಾಸಗಿ, ಕೋಡಿಗೇ ಮಣ್ಣು ತುಂಬಿಸಿ ಮುಚ್ಚಿದ್ರು. ಕೀನ್ಯಾದ ಸೋಲೈಯಲ್ಲಿ 2018ರ ಮೇ ತಿಂಗಳು ರಾತ್ರಿ ಹೊತ್ತು ಖಾಸಗಿ ತೋಟದ ಕಟ್ಟೆ ಒಡೆದು 48 ಜನ, ಕೆಳಗಿನ ಊರಲ್ಲಿ ಮಲಗಿದ್ದವರು. ಎತ್ತರದ ಜಾಗ, ಕಟ್ಟೆ ಮೇಲೆ, ಜನ ಕೆಳಗೆ. ಫೋಟೋ ನೋಡಿದ್ರೆ ನಮ್ಮ ಕಡೆಯದ್ದೇ ಅನ್ಸುತ್ತೆ.

ಮೀನು_ಸಾರು:
ಮೆಶ್ ತೆಗೆದೆ. ಮೀನು ಹೋದ್ರೆ ನಿಮ್ಮ ಮನೆಗೆ ಊಟಕ್ಕೆ ಬರ್ತೀನಿ.

ನಾಪೋಕ್ಲು_ನಾಣಿ:
ಏಡಿ ಬಗ್ಗೆ ಯಾರೂ ಹೇಳ್ಲಿಲ್ಲ. 2019ರ ಜುಲೈನಲ್ಲಿ ಮಹಾರಾಷ್ಟ್ರದ ರತ್ನಾಗಿರಿ ಹತ್ರ ತಿವರೆ ಡ್ಯಾಮ್ ಒಡೀತಲ್ಲ, ಕೆಳಗಿನ ಮನೆಗಳೇ ಕೊಚ್ಚಿ ಹೋದ್ವು, ಆಗ ಅಲ್ಲಿನ ಮಂತ್ರಿಯೊಬ್ರು ಏಡಿ ತೂತು ಮಾಡಿದ್ದಕ್ಕೆ ಒಡೀತು ಅಂದ್ರು. ದೇಶ ಎಲ್ಲಾ ನಕ್ಕಿತು, ಏಡಿಗಳನ್ನ ಹಿಡ್ಕೊಂಡು ಪೊಲೀಸ್ ಸ್ಟೇಷನ್ನಿಗೆ ಹೋದವರೂ ಇದ್ರು. ನಮ್ಮಲ್ಲಿ ಮಳೆಗಾಲ ಅಂದ್ರೆ ಏಡಿ ಸಾರು, ಹಾಗಾದ್ರೆ ನಾವೇ ಡ್ಯಾಮ್ ಸೇಫ್ಟಿ ಡಿಪಾರ್ಟ್‌ಮೆಂಟು. 😂

ಹಳೇ_ಓವರ್‌ಸಿಯರ್:
ನಗಿ ನಗಿ, ಆದ್ರೆ ಏಡಿ, ಹೆಗ್ಗಣ, ಮುಳ್ಳುಹಂದಿ, ಗೆದ್ದಲು ಇವೆಲ್ಲ ಮಣ್ಣಿನ ಏರಿಗೆ ನಿಜವಾದ ಶತ್ರುಗಳೇ. ಮಂತ್ರಿ ಹೇಳಿದ್ದು ತಪ್ಪಾಗೋದು ಎಲ್ಲಿ ಅಂದ್ರೆ, ಏಡಿ ತೂತು ಮಾಡೋದು ಎಲ್ರಿಗೂ ಗೊತ್ತಿರೋವಾಗ ಅದನ್ನ ಮುಚ್ಚೋಕೆ ಯಾಕೆ ಯಾರೂ ಹೋಗ್ಲಿಲ್ಲ ಅನ್ನೋದು ಪ್ರಶ್ನೆ. ಏಡಿಗೆ ಸಂಬಳ ಕೊಡೋದಿಲ್ವಲ್ಲ.

ತಂಗೀ, ಈಗ ನಿಮ್ಮ ವಿಷಯಕ್ಕೆ ಬರೋಣ, ಮಳೆಗೆ ದಿನ ಕಮ್ಮಿ. ಕೊಡಗಿನವರು ಮಳೆ ಇಂಚಲ್ಲಿ ಅಳೀತಾರೆ, ಒಳ್ಳೇದಾಯ್ತು, ಒಂದು ಸುಲಭದ ಲೆಕ್ಕ ಉಂಟು. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಅಂದ್ರೆ ಒಂದು ಲಕ್ಷ ಲೀಟರ್. ನಿಮ್ಮ ಕೆರೆಗೆ ಮೇಲಿಂದ ನೀರು ಇಳಿಯೋ ಜಾಗ ಎಷ್ಟು ಎಕರೆ? 20 ಅಂತ ಇಟ್ಕೊಳ್ಳಿ. ಕಕ್ಕಡದ (ಜುಲೈ-ಆಗಸ್ಟಿನ) ಹೊತ್ತಿಗೆ ಮಣ್ಣು ಪೂರ್ತಿ ನೆಂದಿರುತ್ತೆ, ಕುಡಿಯಲ್ಲ, ಬಿದ್ದಿದ್ದೆಲ್ಲ ಹೆಚ್ಚುಕಮ್ಮಿ ಇಳಿಯುತ್ತೆ. ಒಂದು ದಿನಕ್ಕೆ 8 ಇಂಚು ಬಂದ್ರೆ 160 ಲಕ್ಷ ಲೀಟರ್, ನಿಮ್ಮ ಇಡೀ ಕೆರೆಗಿಂತ ಜಾಸ್ತಿ. ಅದರಲ್ಲೂ ಒಂದು ಗಂಟೆಯಲ್ಲಿ 2 ಇಂಚು ಸುರಿದ್ರೆ ಸೆಕೆಂಡಿಗೆ ಸಾವಿರದ ನೂರು ಲೀಟರ್ ಹತ್ರ ಬರುತ್ತೆ. ನಿಮ್ಮ 12 ಇಂಚಿನ ಪೈಪು ಎಷ್ಟು ಚೆನ್ನಾಗಿ ಕುಡಿದ್ರೂ ನೂರೈವತ್ತು ಲೀಟರಿನ ಆಸುಪಾಸು. ಉಳಿದದ್ದು? ಏರಿ ಮೇಲೆಯೇ ದಾರಿ ಹುಡುಕುತ್ತೆ. ಮಣ್ಣಿನ ಏರಿಗೆ ತಲೆ ಮೇಲೆ ನೀರು ಹತ್ತಿತು ಅಂದ್ರೆ ಮುಗೀತು, ಹಿಂದಿನ ಮೈಯೆಲ್ಲ ಕೊರೆದು ಹಾಕುತ್ತೆ. ಪೈಪನ್ನ ಕೋಡಿ ಅಂತ ಕರೀಬೇಡಿ. ಕೋಡಿ ಅಂದ್ರೆ ತೆರೆದ ಬಾಯಿ, ನಿಮ್ಮ ಲೆಕ್ಕಕ್ಕೆ ಹದಿಮೂರು ಅಡಿ ಅಗಲ ಬೇಕು, ಅದರ ಮೇಲೆ ಒಂದಡಿ ಎತ್ತರ ನೀರು ಹರಿಯುವಾಗಲೂ ಏರಿ ತಲೆ ಇನ್ನೂ ಎರಡು ಮೂರು ಅಡಿ ಒಣಗಿರ್ಬೇಕು. ಏರಿಯಲ್ಲೇ ಕಡೀಬೇಡಿ, ಪಕ್ಕದ ಗುಡ್ಡದ ಗಟ್ಟಿ ಮಣ್ಣಲ್ಲಿ ಕಡೀಬೇಕು. ಹಳೆಯವರು ಕೋಡಿ ಯಾವಾಗ್ಲೂ ಒಂದು ಕೊನೆಗೆ ಇಡ್ತಿದ್ದಿದ್ದು ಅದಕ್ಕೇ. ನಿಮ್ಮ ತಾತನ ಕೋಡಿ ಎಲ್ಲೋ ಇದ್ದಿರ್ಬೇಕು, ಎತ್ತರಿಸುವಾಗ ಮುಚ್ಚಿರ್ತಾರೆ, ಅಮ್ಮನ್ನ ಕೇಳಿ.

ಆಮೇಲೆ ಏರಿಯ ಹಿಂದಿನ ಮೈ ಕೆಳಗೆ ನಡ್ಕೊಂಡು ಹೋಗಿ ನೋಡಿ, ಕಾಡು ಕಡಿಸಿ ನೋಡಿ. ಎಲ್ಲಾದ್ರೂ ಒದ್ದೆ ಉಂಟಾ? ನೀರು ತಿಳಿಯಾಗಿ ಜಿನುಗಿದ್ರೆ ಗಮನ ಇಡ್ಬೇಕು, ಕೆಂಪಾಗಿ ಬಂದ್ರೆ ಏರಿ ಒಳಗಿನ ಮಣ್ಣು ಹೊರಗೆ ಬರ್ತಾ ಉಂಟು ಅಂತ ಅರ್ಥ, ಅವತ್ತೇ ಜನ ಖಾಲಿ ಮಾಡಿಸ್ಬೇಕು. ಹಿಟಾಚಿಯವರು ಹಳೇ ಏರಿ ಮೇಲಿನ ಹುಲ್ಲು ಬೇರು ಕೆತ್ತಿ ತೆಗೆದಿದ್ರಾ, ಅರ್ಧ ಮುಕ್ಕಾಲಡಿ ಪದರ ಹಾಕಿ ನೀರು ಚಿಮುಕಿಸಿ ರೋಲರ್ ಹೊಡೆದಿದ್ರಾ, ಇಲ್ಲಾ ಬಕೆಟಲ್ಲಿ ಸುರಿದು ಬೆನ್ನು ತಟ್ಟಿ ಹೋದ್ರಾ?

ಬ್ಲಾಸಮ್_ಶವರ್:
ಸರ್, ಇವತ್ತು ಮೇಸ್ತ್ರಿ ಜೊತೆ ಹೋಗಿ ಕಾಡು ಕಡಿಸಿದೆ. ಬಕೆಟಲ್ಲಿ ತಟ್ಟಿದ್ದೇ ಅಂತೆ, ಮೇಸ್ತ್ರಿಗೆ ನೆನಪುಂಟು. ಏರಿ ಮೇಲೆ ಆರು ಸಿಲ್ವರ್ ಓಕ್ ಬೇರೆ ಇದೆ.

ಹಿಂದಿನ ಮೈಯಲ್ಲಿ, ಮೇಲಿಂದ ಸುಮಾರು ಹನ್ನೆರಡಡಿ ಕೆಳಗೆ, ಒಂದು ಚಾಪೆಯಷ್ಟು ಅಗಲ ಕೆಸ ಬೆಳೆದಿದೆ. ಸುತ್ತ ಎಲ್ಲೂ ಇಲ್ಲ, ಅಲ್ಲಿ ಮಾತ್ರ ದಟ್ಟವಾಗಿ. ಕೈ ಇಟ್ರೆ ಮಣ್ಣು ಮೆತ್ತಗೆ, ಹೊಂಡ ಮಾಡಿದ್ರೆ ನೀರು ತುಂಬಿಕೊಳ್ಳುತ್ತೆ, ತಿಳಿ ನೀರೇ. ಅಮ್ಮನಿಗೆ ಹೇಳಿದ್ರೆ ಅವರು, ಗೊತ್ತಲ್ಲ, ಮೂರ್ನಾಲ್ಕು ವರ್ಷದಿಂದ ಪತ್ರೊಡೆಗೆ ಎಲೆ ಅಲ್ಲಿಂದಲೇ ತರೋದು, ಬೇಸಿಗೆಯಲ್ಲೂ ಬಾಡಲ್ಲ ಅಂದ್ರು. ಏರಿ ಸೋರ್ತಾ ಇರೋದನ್ನ ನಾವು ಪತ್ರೊಡೆ ಮಾಡ್ಕೊಂಡು ತಿಂದಿದ್ದೀವಿ ಸರ್.

ಹಳೇ_ಓವರ್‌ಸಿಯರ್:
ತಿಳಿ ನೀರು ಅಂದ್ರೆ ಸಮಯ ಉಂಟು, ಹೆದರ್ಬೇಡಿ. ಆದ್ರೆ ನೀರು ಇಳಿಸಿ. ಒಂದೇ ಸಲ ಇಳಿಸಿದ್ರೆ ನೆಂದ ಒಳಮೈ ಜಾರಿ ಕೆರೆಗೇ ಬೀಳುತ್ತೆ, ಅದಕ್ಕೆ ದಿನಕ್ಕೆ ಅರ್ಧ ಅಡಿ ಸಾಕು. ಆರಿಂಚಿನ ಎಚ್‌ಡಿಪಿಇ ಪೈಪು ಏರಿ ಮೇಲಿಂದ ಹಾಕಿ ನೀರು ತುಂಬಿಸಿ ಸೈಫನ್ ಮಾಡಿ, ಡೀಸೆಲ್ ಬೇಡ, ಹೊರಗಿನ ಬಾಯಿ ಏರಿಯ ಬುಡಕ್ಕೆ ಬಿಡದೆ ತೋಡಿನ ತನಕ ಎಳೀರಿ. ಅಪ್ಪ ಸೇರಿಸಿದ ಐದಡಿಯಲ್ಲಿ ಈ ಮಳೆಗಾಲ ನೀರು ನಿಲ್ಲಲೇಬಾರದು. ಒದ್ದೆ ಜಾಗಕ್ಕೆ ಮಣ್ಣು ಹಾಕಿ ಮುಚ್ಚೋಕೆ ಹೋಗ್ಬೇಡಿ, ನೀರಿಗೆ ದಾರಿ ಬೇಕು, ಮಣ್ಣು ಮಾತ್ರ ನಿಲ್ಲಬೇಕು: ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು. ಸಿಲ್ವರ್ ಓಕ್ ಈಗ ಬುಡ ಸಮೇತ ಕೀಳಬೇಡಿ, ಬೇರಿನ ತೂತು ಉಳಿಯುತ್ತೆ. ಬೇಸಿಗೆಯಲ್ಲಿ ಒಬ್ಬ ಒಳ್ಳೆ ಸಿವಿಲ್ ಇಂಜಿನಿಯರ್ ಕರೆಸಿ ಪೂರ್ತಿ ಮಾಡಿಸಿ, ನಾನು ಫೋಟೋ ನೋಡಿ ಹೇಳೋದನ್ನೇ ನಂಬ್ಕೊಂಡು ಕೂರಬೇಡಿ.

ಕೋಟು_ಕಚೇರಿ:
ತೋಡಿಗೆ ನೀರು ಬಿಡೋ ಮೊದಲು ಕೆಳಗಿನ ಹೋಂಸ್ಟೇಗೆ ವಾಟ್ಸಾಪಲ್ಲಿ ಹೇಳಿ, ಬರಹದಲ್ಲಿ ಇರಲಿ. ಪಂಚಾಯಿತಿಗೂ ಒಂದು ಕಾಗದ ಕೊಡಿ. ಜನರ ಜೀವಕ್ಕೆ ಅಪಾಯ ಅಂದ್ರೆ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಡಿಸಿಗೆ ಅಧಿಕಾರ ಉಂಟು, ಅವರಾಗಿ ಬರೋ ಮೊದಲು ನೀವೇ ಹೋಗೋದು ಒಳ್ಳೇದು.

ಲೈನ್‌ಮನೆ_ಹುಡುಗ:
ಲೈನಿನವರಿಗೂ ಹೇಳಿ ಮೇಡಂ. ಅಸ್ಸಾಂನವರಿಗೆ ಹಿಂದಿಯಲ್ಲಿ ಹೇಳಿ, ಯಾವ ದಾರಿಯಲ್ಲಿ ಗುಡ್ಡ ಹತ್ತಬೇಕು ಅಂತ ಹಗಲಲ್ಲಿ ಒಂದ್ಸಲ ನಡೆಸಿ ತೋರಿಸಿ. ಟವರ್ ಹೋದ ಮೇಲೆ ಫೋನ್ ಬರಲ್ಲ, ಒಂದು ಗಂಟೆ ಕಟ್ಟಿ, ಶಾಲೆ ಗಂಟೆ ಥರದ್ದು.

ಬ್ಲಾಸಮ್_ಶವರ್:
ಜೂನ್ ಅಪ್‌ಡೇಟ್, ತುಂಬಾ ಜನ ಮೆಸೇಜ್ ಮಾಡಿ ಕೇಳ್ತಾ ಇದ್ರು. ನೀರು ಆರಡಿ ಇಳಿಸಿದ್ವಿ, ಹನ್ನೆರಡು ದಿನ ಹಿಡೀತು. ತಾತನ ಕೋಡಿ ಸಿಕ್ಕಿತು, ಎಡಗಡೆ ಗುಡ್ಡದ ಕೊನೆಯಲ್ಲಿ, ಎರಡಡಿ ಮಣ್ಣಿನ ಕೆಳಗೆ, ಕಲ್ಲು ಹಾಸು ಈಗಲೂ ಹಾಗೇ ಉಂಟು! ಅದನ್ನ ಬಿಡಿಸಿ 14 ಅಡಿ ಅಗಲ ಮಾಡಿದ್ವಿ, ಅದರ ಮಟ್ಟ ಅಪ್ಪ ಸೇರಿಸಿದ ಮಣ್ಣಿಗಿಂತ ಕೆಳಗೇ. ಹೋಂಸ್ಟೇಯವರು ಹಿಟಾಚಿ ಬಾಡಿಗೆ ಅರ್ಧ ಕೊಟ್ರು, ನಾನು ಕೇಳಿರ್ಲಿಲ್ಲ. ತೋಡಿಗೆ ತೀರಾ ಹತ್ತಿರದ ಕಾಟೇಜಿಗೆ ಸೆಪ್ಟೆಂಬರ್ ತನಕ ಬುಕಿಂಗ್ ತಗೊಳ್ಳಲ್ಲ ಅಂತೆ. ಲೈನಲ್ಲಿ ಕೆಳಗಿನ ಎರಡು ಮನೆಯವರು ಈಗ ಗೋಡೌನ್ ಪಕ್ಕದ ರೂಮಲ್ಲಿ. ಗಂಟೆ ಹಾಕಿದ್ದೀವಿ, ಹಳೇ ಹಾರೆ ತುಂಡು, ಮಕ್ಕಳು ದಿನಕ್ಕೆ ಹತ್ತು ಸಲ ಬಾರಿಸಿ ಬೈಸ್ಕೊಳ್ತಾ ಇದ್ದಾರೆ.

ಮೂವತ್ತು ವರ್ಷ ಆಯುಸ್ಸಿರೋ ಸಾಲ ತಗೊಂಡಂಗೆ ಅನ್ನಿಸ್ತಾ ಉಂಟು ಈ ಕೆರೆ. ಮುಂದಿನ ಫೆಬ್ರವರಿಗೆ ಹೂಮಳೆಗೆ ನೀರು ಕಮ್ಮಿ ಬೀಳುತ್ತೆ, ಅದೂ ಗೊತ್ತು.

ಹಳೇ_ಓವರ್‌ಸಿಯರ್:
ಕೆಸ?

ಬ್ಲಾಸಮ್_ಶವರ್:
ಬಾಡ್ತಾ ಇದೆ ಸರ್. ಅಮ್ಮನಿಗೆ ಬೇಜಾರು.

ಬ್ಲಾಸಮ್_ಶವರ್:
ಜುಲೈ. ನಿನ್ನೆ ಬೆಳಿಗ್ಗೆಯಿಂದ ಇವತ್ತು ಬೆಳಿಗ್ಗೆ ತನಕ 6 ಇಂಚು 20 ಸೆಂಟ್ ಮಳೆ, ಅಂದ್ರೆ 6.2 ಇಂಚು. ರಾತ್ರಿ ಎರಡು ಗಂಟೆಗೆ ಕೊಡೆ ಹಿಡ್ಕೊಂಡು ಹೋಗಿ ನೋಡಿದೆ, ಕೋಡಿ ಮೇಲೆ ಐದು ಬೆರಳು ನೀರು, ಏರಿ ತಲೆ ಒಣಗಿತ್ತು ಅಂತ ಹೇಳೋ ಹಾಗಿಲ್ಲ ಮಳೆಗೆ, ಆದ್ರೆ ಕೆರೆ ನೀರು ಅದಕ್ಕೆ ಮುಟ್ಟಿರಲಿಲ್ಲ. ಜಿನುಗು ನೀರು ತಿಳಿ. ಅಸ್ಸಾಂನ ಹುಡುಗನೊಬ್ಬ ನನಗಿಂತ ಮೊದಲೇ ಅಲ್ಲಿ ಟಾರ್ಚ್ ಹಿಡ್ಕೊಂಡು ನಿಂತಿದ್ದ, ಏರಿ ನೋಡೋಕೆ ಬಂದ್ಯಾ ಅಂದ್ರೆ ಇಲ್ಲ ದೀದಿ, ಕೋಡಿಯಲ್ಲಿ ಮೀನು ಬರ್ತಾ ಉಂಟು ಅಂದ. ಎರಡು ಹಿಡಿದಿದ್ದ.